ಮೂಗು ಹಿಡದು ಕಪಾಳಕ್ಕ

ನಮ್ಮ ಸಾಲಿ ಮಾಸ್ತರನ ಮ್ಯಾಲ ನನಗ ಇವತ್ತಿಗೂ ಸಿಟ್ಟದ. ಸತ್ತವರಿಗೆ ಬೈಬಾರದು ಅಂತಾರ. ನಾ ಬೈಯಾಂವನ.

ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸದು. ಮಾಸ್ತರ ಮುಚ್ಚಂಡಿ ಊರ ಕಡಿಂದ ಸೈಕಲ್ ಮ್ಯಾಲ ಬರ್ತಿದ್ದ, ಗಂಟಿ ಬಾರಿಸಿದ ಕೂಡಲೆ ಹೊಂಟುಬಿಡ್ತಿದ್ದ. ಯಾರ ಮನಿ ಹೊಸ್ತಿಲಾನೂ ತುಳದಾಂವಲ್ಲ. ನಮ್ಮ ಹೆಸರೂ ಅವನಿಗೆ ಬರ್ತಿದ್ದಿಲ್ಲ. ಎಲ್ಲಾರಿಗೂ 'ಏ ಕುರಿ' ಅಂತಿದ್ದ. ಪ್ರಶ್ನೆ ಕೇಳಾಂವ. ಉತ್ತರಾ ಬರಲಾರದವರು ನಿಂದರಬೇಕು, ಬಂದವರು ಅವರ ಮೂಗು ಹಿಡದು ಕಪಾಳಕ್ಕ ಹೊಡೀಬೇಕು. ಇದು ಅವನ ಪದ್ಧತಿ.

ನಾ ಒಂದು ವರ್ಷ ನಪಾಸಾಗಿ ತಂಗಿ ಜೋಡಿ ಮೂರನೇ ಇಯತ್ತೇದಾಗ ಕುಂತಿದ್ದೆ. ಆಕಿಗೆ ಎಲ್ಲಾ ಬರ್ತಿತ್ತು, ನನಗ ಏನೂ ಬರ್ತಿದ್ದಿಲ್ಲ. ಏಳನೇ ಇಯತ್ತೇದ ಮುಲ್ಕಿ ಪರೀಕ್ಷಾ ಪಾಸಾಗಿ ತಾನೂ ಸಾಲಿ ಕಲಸಾಕಿ ಆಗಬೇಕು ಅಂತ ಆಕಿ ಆಸೆ. ನನಗ ಹೊಡಿಯೂ ಪಾಳಿ ಬಂದ ಮೊದಲನೇ ದಿನ ಆಕಿ ನನ್ನ ಗಲ್ಲಾ ಸವರಿದಂಗ ಮಾಡಿದಳು.

"ನೊಣ ಹೊಡೀತೀಯೇನಲೇ ಕುರಿ? ಹೊಡಿಯೂದು ಹಿಂಗ!" ಅಂತ ಮಾಸ್ತರ ಆಕಿ ಕಪಾಳಕ್ಕ ಬಾರಿಸಿ ತೋರಿಸಿದ. ಆಮ್ಯಾಲ ಆಕಿ ನನಗ ಜೋರಾಗೇ ಹೊಡದಳು. ಸಂಜಿಮುಂದ ಮನ್ಯಾಗ ಗಲ್ಲಕ್ಕ ಬೆಣ್ಣಿ ಹಚ್ಚಿ, ಅಳಕೋತ ಮಗ್ಗಿ ಹೇಳಿಕೊಟ್ಟಳು.

ಸ್ವಲ್ಪ ದಿವಸಕ್ಕ ಆಕಿ ಸಾಲ್ಯಾಗ ಬಾಯಿ ತೆರೆಯೂದನ್ನ ಬಿಟ್ಟಳು. ಏನ್ ಕೇಳಿದರೂ ನೆಲಾ ನೋಡಾಕಿ. ಬ್ಯಾರೆ ಹುಡುಗರು ಬಂದು ಇಬ್ಬರಿಗೂ ಹೊಡದು ಹೋಗ್ತಿದ್ದರು.

"ಉತ್ತರಾ ಹೇಳ ಹುಚ್ಚಿ, ಹೊಡತಾ ತಿಂದು ತಿಂದು ನನ್ನ ಗಲ್ಲಾ ನಿಬ್ಬರಾಗೇದ" ಅಂದೆ.

"ನನ್ನ ಕೈ ನಿಬ್ಬರಾಗಿಲ್ಲೋ ಅಣ್ಣಾ" ಅಂದಳು.

ಹುಷಾರ ಹುಡುಗಿ ಒಮ್ಮಿಂದೊಮ್ಮೆ ಮೂಕಾದರ, ಹತ್ರ ಕುಂದರಿಸಿಕೊಂಡು "ಯಾಕವ್ವಾ?" ಅಂತ ಕೇಳಬಾರದ? ಒಂದ ಮಾತು! ಅವನ ಬಾಯಾಗ ಮಣ್ಣ ಹಾಕ, ಆ ಒಂದ ಮಾತು ಅವನ ಬಾಯಾಗ ಬರಲಿಲ್ಲ. ಅಪ್ಪನ್ನ ಕರಿಸಿ, "ಈ ಹುಡುಗಿ ತಲಿ ಮಂದ ಅದ. ಸುಮ್ಮನ ಸಾಲಿ ದಂಡ. ಮನಿಗೆಲಸಕ್ಕ ಹಚ್ರಿ" ಅಂದ.

ಸಾಲಿಗೆ ಹಾಕಿದ ದಿವಸನ 'ಎಲುವು ನಮ್ಮದು, ಚರ್ಮ ನಿಮ್ಮದ್ರಿ' ಅಂತ ಕೈ ಮುಗದು ಬಂದಾಂವ ನಮ್ಮಪ್ಪ. ಮಾಸ್ತರನ ಮಾತಂದರ ಮುಗೀತು. "ಗುಡ್ಡಾಪುರದ ದಾನಮ್ಮನಾಣಿ, ಆಕಿಗೆ ಎಲ್ಲಾ ಬರ್ತದ! ನನಗ ಹೊಡೀಬಾರದಂತ ಸುಮ್ಮಿರತಾಳ!" ಅಂತ ನಾ ಒದರಿದೆ. ಗುರುಗಳಿಗೆ ಎದುರಾಡ್ತಿ ಅಂತ ಅಪ್ಪ ನನ್ನನ್ನೂ ಹೊಡದ. ಮರುದಿವಸದಿಂದ ತಂಗಿ ಕೈಯಾಗ ಪಾಟಿ ಹೋಗಿ ಕಸಬರಿಗಿ ಬಂತು.

ಆದರೂ ಕಸಾ ಹೊಡಕೋತ, ರೊಟ್ಟಿ ಬಡಕೋತ ಆಕಿ ನನಗ ಕಲಿಸಿದಳು. ನನ್ನ ಪುಸ್ತಕ ನನಕಿಂತ ಮೊದಲ ಓದಿ ಮುಗಸಾಕಿ. ಮುಂದ ನಾ ಮುಲ್ಕಿ ಪಾಸಾದೆ.

ಆವತ್ತು ಅಪ್ಪ ಮಾಸ್ತರನ್ನ ಮನಿಗೆ ಕರಕೊಂಡು ಬಂದ. ಮಾಸ್ತರ ಕಂಬಳಿ ಮ್ಯಾಲ ಕುಂತು ನನ್ನ ಬೆನ್ನ ಮ್ಯಾಲ ಗುದ್ದಿ, "ಇದು ನನ್ನ ಕೈಯಾಗಿನ ಹೊಡತದ ಪುಣ್ಯಾ ನೋಡ್ರಿ!" ಅಂದ. ತಂಗಿ ಸೀರಿ ಉಟ್ಟು, ತಲಿ ತುಂಬ ಸೆರಗ ಹೊದ್ದು ಚಾ ತಂದಿಟ್ಟಳು. ಅವ ಬಸಿಯಾಗ ಹಾಕ್ಕೊಂಡು ಸುರ್ ಅಂತ ಕುಡದ.

"ಭಾಳ ಚಲೋ ಮಾಡ್ಯಾಳ. ನಿಮ್ಮ ಮಗಳೇನ್ರಿ?"

ಅಪ್ಪ ಹೂಂ ಅಂದ.

"ಮಾರಿ ನೋಡಿದರ ಹುಷಾರ ಕಾಣ್ತಾಳ" ಅಂದ ಮಾಸ್ತರ. "ಈಕಿನ್ನ ಯಾಕ್ರಿ ಸಾಲಿಗೆ ಕಳಸಲಿಲ್ಲ?"

ಅಪ್ಪ ನೆಲಾ ನೋಡಿದ. ತಂಗಿ ಬಸಿ ತಗೊಂಡು ಒಳಗ ಹೋದಳು.