ಮರುಭೂಮಿಯಲ್ಲಿ ನಿಂತವಳು

ಮಾತಿಗೆ ತೊಡಗಿದರೆ ಅವರ ಎರಡೂ ಅಂಗೈಗಳು ವಿಮಾನಗಳಾಗುತ್ತಿದ್ದವು. ಬಲಗೈ ಮುಂದೆ ಓಡಿದರೆ ಎಡಗೈ ಓರೆಯಾಗಿ ಅದರ ಬೆನ್ನು ಹತ್ತುತ್ತಿತ್ತು. ಕೈಗೆ ಚಹಾ ಕೊಟ್ಟರೆ ಮಾತೇ ನಿಂತುಹೋಗುತ್ತಿತ್ತು.

ಸೌದಿಯ ಜಿಜಾನಿನಲ್ಲಿ ನಮ್ಮ ನೆರೆಮನೆಯ ಅಮೆರಿಕದವರು ಅವರು. ಕುವೈತ್ ಯುದ್ಧದಲ್ಲಿ ಇದೇ ಸೌದಿಯಿಂದ ಯುದ್ಧವಿಮಾನ ಹಾರಿಸಿದ್ದರಂತೆ. ಈಗ ವಯಸ್ಸಾಗಿ, ಇಲ್ಲಿನ ಹುಡುಗರಿಗೆ ಪಾಠ ಹೇಳುವ ಕೆಲಸ. ನನ್ನ ಗಂಡ ನಾವೆಲ್ಲ ಇದ್ದ ವಸತಿ ಕಾಂಪೌಂಡಿನ ಎಸಿ ಮೆಕ್ಯಾನಿಕ್. ಅವರ ಎಸಿ ಸರಿಮಾಡಿದ ದಿನದಿಂದ ಸ್ನೇಹ. ನಾನು ಕಳಿಸಿದ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿಯೇ ತಿನ್ನುವವರು.

ಗಡಿಯಾಚೆ ಯೆಮನ್ ಯುದ್ಧ ಶುರುವಾದಾಗ ನಮ್ಮ ಪುಟ್ಟ ಮಗಳ ನಗುವೇ ಹೋಯಿತು. ವಿಮಾನದ ಸದ್ದು ಕೇಳಿದರೆ ಮಂಚದಡಿ. ಊಟವಿಲ್ಲ, ಶಾಲೆಯಿಲ್ಲ. "ಇನ್ನು ಇವಳನ್ನು ಕರ್ಕೊಂಡು ನೀನು ಊರಿಗೆ ಹೋಗು," ಎಂದರು ನನ್ನ ಗಂಡ. ಮೂವರೂ ಒಂದೇ ಸೂರಿನಡಿ ಇರುವ ಭಾಗ್ಯ ಮುಗಿಯಿತೆಂದು ನಮಾಜಿನಲ್ಲಿ ಅತ್ತೆ.

ಸಂಗತಿ ತಿಳಿದು ಒಂದು ಸಂಜೆ ಆ ಅಮೆರಿಕದವರು ಬಂದರು. ಆ ದೊಡ್ಡ ದೇಹವನ್ನು ಮಡಚಿ ನೆಲದ ಮೇಲೆ ಕೂತು, ಮಂಚದಡಿಯ ಮಗುವಿಗೆ ನಿಧಾನದ ಇಂಗ್ಲಿಷಿನಲ್ಲಿ ಕಥೆ ಹೇಳಿದರು. ನನಗೆ ಅರ್ಧ ಅರ್ಥವಾಯಿತು. ಯುದ್ಧದಲ್ಲಿ ತಾನೂ ಹೆದರಿ ನಡುಗಿದ್ದೆ ಎಂದರು. ಗುಂಡು ತಾಗಿ ಹೊಟ್ಟೆಯಲ್ಲಿ ತೂತು ಬಿದ್ದರೂ ಅವಳು ಅವರನ್ನು ಕೈಬಿಡಲಿಲ್ಲವಂತೆ. "ಶೀ ಬ್ರಾಟ್ ಮಿ ಹೋಮ್," ಎಂದರು, ಅವಳೇ ಮನೆ ಸೇರಿಸಿದಳೆಂದು.

ಎಂಥ ಹೆಂಡತಿ! ನನಗೆ ಕಣ್ಣೀರು ತಡೆಯಲಾಗಲಿಲ್ಲ. "ಆ ಪುಣ್ಯಾತ್ಗಿತ್ತಿ ಈಗ ಎಲ್ಲಿದ್ದಾಳೆ ಕೇಳು ಮಗಾ," ಎಂದೆ, ಮಂಚದಡಿಗೆ ಬಗ್ಗಿ.

"ಅವರ ದೇಶದ ಮರುಭೂಮಿಯಲ್ಲಿ ನಿಲ್ಲಿಸಿದ್ದಾರಂತೆ ಉಮ್ಮಾ."

"ನಿಲ್ಲಿಸಿದ್ದಾರಾ? ಬಿಸಿಲಲ್ಲಿ?"

"ಹೌದು. ಅವಳಿಗೆ ವಯಸ್ಸಾಯ್ತಂತೆ. ಇನ್ನು ಕೆಲಸ ಇಲ್ವಂತೆ."

"ಯಾ ಅಲ್ಲಾಹ್! ಜೀವ ಉಳಿಸಿದ ಹೆಂಡತಿಯನ್ನು ಬಿಸಿಲಲ್ಲಿ ನಿಲ್ಲಿಸಿ ಬಂದದ್ದಾ? ಎಂತ ಮನುಷ್ಯ ಮಾರಾಯ್ತಿ ಇವರು!"

ಮಂಚದಡಿಯಿಂದ ಮೊದಲು ಒಂದು ಸಣ್ಣ ಕಿಸಕ್ಕು. ಆಮೇಲೆ ತಡೆಯಲಾರದ ನಗು. "ಉಮ್ಮಾ, ಅವಳು ಹೆಂಗಸಲ್ಲ, ವಿಮಾನ! ಅವರು ವಿಮಾನಕ್ಕೆ ಅವಳು ಅಂತಲೇ ಹೇಳುವುದು!" ಹೊಟ್ಟೆ ಹಿಡಿದುಕೊಂಡು ಹೊರಗೆ ಉರುಳಿ ಬಂದಳು. ಸಂಗತಿ ತಿಳಿದು ಅವರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮೇಲೆ ವಿಮಾನ ಹೋಯಿತು. ಕಿಟಕಿಯ ಗಾಜು ನಡುಗಿತು. ಮಗಳು ಅವರ ತೋಳು ಹಿಡಿದಳು, ಮಂಚದಡಿಗೆ ಹೋಗಲಿಲ್ಲ. "ಇವಳೂ ಮನೆಗೆ ಬರ್ತಾಳಾ?" ಎಂದು ಕೇಳಿದಳು.

ಆಕಾಶವನ್ನೇ ಸೀಳಿಕೊಂಡು ಹೋಗಿಬಂದ ಮನುಷ್ಯ ನನ್ನ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ಇವಳು ಹೋದ ಕಡೆಯೂ ಮಕ್ಕಳಿದ್ದಾರೆ," ಎಂದರು. "ಅವರಿಗಾಗಿ ನೀನು ಪ್ರಾರ್ಥಿಸು. ನನ್ನ ಯುದ್ಧ ಮುಗಿದಂದಿನಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ."

ಮಗಳು ಉಣ್ಣತೊಡಗಿದಳು, ಶಾಲೆಗೂ ಹೋದಳು. ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಕೆಲವು ವರ್ಷಗಳ ಮೇಲೆ ಅವರು ತಮ್ಮ ದೇಶಕ್ಕೆ ಹೋಗಿ ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿದ ದಿನ ಮಗಳು ಅವರಿಗಾಗಿ ದುಆ ಬೇಡಲು ಕೈ ಎತ್ತಿದಳು. ನಾನೂ ಎತ್ತಿದೆ. ಅನ್ಯಧರ್ಮದವರಿಗಾಗಿ ಎತ್ತಬಹುದೋ ಬಾರದೋ ಎಂದು ಮಸೀದಿಯ ಉಸ್ತಾದರನ್ನು ಕೇಳಲು ಹೋಗಲಿಲ್ಲ. ಅವರ ಲೆಕ್ಕವನ್ನು ನೋಡಿಕೊಳ್ಳುವವನು ಅಲ್ಲಾಹ. ಆ ಸಂಜೆಯಿಂದ ಈಚೆಗೆ ನಾವು ಮೂವರೂ ಒಟ್ಟಿಗೆ ಕೂತು ಉಂಡ ಅನ್ನದಲ್ಲಿ ಅವರ ಋಣವಿದೆ, ನನಗೆ ಗೊತ್ತಿರುವುದು ಇಷ್ಟೇ.