ಬೀಗರ ಕಾಲು, ಕೊಲೆಗಾರನ ಬೂಟು

ಪತ್ತೇದಾರಿ ಸಿನಿಮಾ ಎಂದರೆ ನನಗೆ ಈಗಲೂ ಪ್ರಾಣ. ಕಣ್ಣೀರಿನ ಸಿನಿಮಾಕ್ಕೆ ಟಿಕೆಟ್ ಯಾಕೆ, ಯಾವುದಾದರೂ ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಆದರೆ ಕೊಂದವರು ಯಾರು ಎಂದು ಕೊನೆಯವರೆಗೂ ಕಾಯಿಸುವ ಸಿನಿಮಾ ಇದೆಯಲ್ಲ, ಅದರ ಮುಂದೆ ಅವರೆಕಾಯಿ ಮೊರ ಇಟ್ಟುಕೊಂಡು ಕೂತರೆ ಕಾಯಿ ಮುಗಿದು ಕೈ ಬರೀ ಸಿಪ್ಪೆ ಬಿಡಿಸುತ್ತಿರುವುದೂ ಗೊತ್ತಾಗುವುದಿಲ್ಲ.

ಈ ಸಿನಿಮಾಗಳಲ್ಲಿ ನೆನಪಿನಲ್ಲಿ ಉಳಿಯುವುದು ಕಥೆಯಲ್ಲ, ಅವುಗಳ ಚಾಳಿ. ಕೊಲೆಗಾರನ ಮುಖ ಕೊನೆಯ ರೀಲಿನ ತನಕ ಕಾಣಬಾರದು. ಅಲ್ಲಿಯವರೆಗೆ ಬರೀ ಬೂಟು. ಕಪ್ಪು ಬೂಟು ಮೆಟ್ಟಿಲು ಹತ್ತುತ್ತದೆ, ಕಪ್ಪು ಬೂಟು ನಿಲ್ಲುತ್ತದೆ, ಕಪ್ಪು ಬೂಟಿನ ಪಕ್ಕ ಸಿಗರೇಟು ಬೀಳುತ್ತದೆ. ಕೈಗೆ ಗವಸು ಹಾಕಿಕೊಂಡು ಅಷ್ಟು ಜೋಪಾನವಾಗಿ ಬಂದವನು ಹೋಗುವಾಗ ಮಾತ್ರ ತನ್ನ ಹೆಸರಿನ ಅಕ್ಷರ ಕೆತ್ತಿದ ಲೈಟರನ್ನು ಹೆಣದ ಪಕ್ಕದಲ್ಲೇ ಬಿಟ್ಟು ಹೋಗುತ್ತಾನೆ. ಒಂಟಿ ಹೆಂಗಸೊಬ್ಬಳು ಸದ್ದು ಕೇಳಿ, ಲೈಟು ಹಾಕದೆ, ‘ಯಾರದು?’ ಎನ್ನುತ್ತ ಸದ್ದು ಬಂದ ಕಡೆಗೇ ನಡೆಯುತ್ತಾಳೆ. ನಮ್ಮ ಮನೆಯಲ್ಲಿ ಬೆಕ್ಕು ತಟ್ಟೆ ಬೀಳಿಸಿದರೆ ಎಲ್ಲರೂ ಮಲಗಿದ ಕಡೆಯಿಂದಲೇ ಒಬ್ಬರನ್ನೊಬ್ಬರು ಕೂಗುತ್ತೇವೆ, ಏಳುವವರು ಯಾರೂ ಇಲ್ಲ. ಪೊಲೀಸರ ಮಾತು ಬಿಡಿ. ಹೊಡೆದಾಟ ಮುಗಿದು, ನಾಯಕ ಅಂಗಿಯ ಧೂಳು ಕೊಡವಿಕೊಂಡ ಮೇಲೆ ಜೀಪು ಬರುತ್ತದೆ. ಅಷ್ಟರ ಮಟ್ಟಿಗೆ ಆ ಸಿನಿಮಾಗಳು ನಿಜಕ್ಕೆ ಹತ್ತಿರ.

ನನ್ನ ತವರು ಹಳೇಬೀಡು. ನಮ್ಮ ಕಡೆ ಶೂಟಿಂಗಿಗೆ ಬರುತ್ತಿದ್ದವರಿಗೆ ಗೊತ್ತಿದ್ದ ಅಪರಾಧ ಒಂದೇ, ವಿಗ್ರಹ ಕಳ್ಳಸಾಗಣೆ. ಖಳನಾಯಕ ಆಳೆತ್ತರದ ಶಿಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದ. ನಮ್ಮ ಬೀದಿಯಲ್ಲಿ ಒಂದು ಒಳಕಲ್ಲು ಸರಿಸಬೇಕಾದರೆ ನಾಲ್ಕು ಜನ ಹಗ್ಗ ಹಿಡಿದು, ಐದನೆಯವನು ಬೈದುಕೊಳ್ಳಬೇಕಿತ್ತು. ಬೇಲೂರಿನ ಟೆಂಟಿನಲ್ಲಿ ಅಂಥ ಸಿನಿಮಾ ಬಂದಾಗ ನಮ್ಮೂರವರು ಕಳ್ಳನಿಗಿಂತ ಹೆಚ್ಚಾಗಿ ಅವನ ತೋಳನ್ನೇ ನೋಡುತ್ತಿದ್ದರು.

ಮದುವೆಯಾಗಿ ಅರಸೀಕೆರೆಗೆ ಬಂದಾಗ ಈ ಹುಚ್ಚಿಗೆ ಒಬ್ಬ ಜೊತೆಗಾರರು ಸಿಕ್ಕರು, ನಮ್ಮ ಮಾವ. ಅಂಚೆ ಕಚೇರಿಯಿಂದ ನಿವೃತ್ತರಾದವರು. ಅಲ್ಲಿಂದ ಅವರು ಹೊತ್ತು ತಂದ ಅಭ್ಯಾಸ ಒಂದಿತ್ತು. ಅಂಚೆಚೀಟಿಗಳ ದೊಡ್ಡ ಹಾಳೆಯ ಸುತ್ತ ಬಿಳಿ ಅಂಚು ಇರುತ್ತದೆ, ಹಿಂಬದಿಗೆ ಗೋಂದು, ಒಂದು ಬದಿಗೆ ಸಾಲಾಗಿ ಸಣ್ಣ ತೂತು. ಚೀಟಿ ಮಾರಿದ ಮೇಲೆ ಉಳಿಯುವ ಆ ಅಂಚುಗಳನ್ನು ಅವರು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೂಡಿಟ್ಟಿದ್ದರು. ಹರಿದ ಪಂಚಾಂಗ, ಮುರಿದ ಕನ್ನಡಕ, ಬಿರುಕು ಬಿಟ್ಟ ಸ್ವಿಚ್ಚು, ಏನೇ ಇರಲಿ, ನಾಲಿಗೆಗೆ ತಾಗಿಸಿ ಅಂಟಿಸುವುದು. ನಮ್ಮ ಮನೆಯ ಅರ್ಧ ಸಾಮಾನು ಅವರ ಎಂಜಲಿನ ಮೇಲೆ ನಿಂತಿತ್ತು.

ಅವರ ಇನ್ನೊಂದು ಗುಣ, ಸಿನಿಮಾದ ಕೊನೆಗೆ ಸರಿಯಾಗಿ ನಿದ್ದೆ ಹೋಗುವುದು. ಬೆಳಿಗ್ಗೆ ಕಾಫಿ ಕೊಡುವಾಗ ಮೊದಲ ಪ್ರಶ್ನೆ, “ಯಾರಮ್ಮ ಕೊಂದಿದ್ದು?”

ನನ್ನ ನಾದಿನಿಯ ಮದುವೆಯಾದದ್ದು ತೊಂಬತ್ತರ ದಶಕದ ನಡುವೆ, ಅರೇಹಳ್ಳಿಯ ಕಡೆಯ ಕಾಫಿ ತೋಟದವರ ಮನೆಗೆ. ಮದುವೆಗೆ ವಿಡಿಯೋ ಮಾಡಿಸಿದ್ದೆವು. ಅದನ್ನು ನೋಡಲೆಂದೇ ನಮ್ಮ ಯಜಮಾನರು ಯಾರೋ ಬಳಸಿಬಿಟ್ಟ ವಿಸಿಆರ್ ತಂದಿದ್ದರು. ಮದುವೆ ಚೆನ್ನಾಗಿಯೇ ಆಯಿತು, ಆದರೆ ಬೀಗಿತ್ತಿಯ ಬಾಯಲ್ಲಿ ಅಲ್ಲ. ಗಂಡಿನ ಸೋದರಮಾವ ಎಂದರೆ ಬೀಗಿತ್ತಿಯ ಅಣ್ಣ. ಬೀಗರನ್ನು ಎದುರುಗೊಳ್ಳುವಾಗ ಹೆಣ್ಣಿನ ಕಡೆಯವರು ಆ ಸೋದರಮಾವನ ಕಾಲು ತೊಳೆದು, ಪೇಟ ಇಟ್ಟು, ಶಾಲು ಹೊದಿಸಬೇಕು. ಅದು ನಡೆದೇ ಇಲ್ಲ ಎಂಬುದು ಬೀಗಿತ್ತಿಯ ದೂರು. ತಿರುವಿನ ದಾರಿಯಲ್ಲಿ ವಾಂತಿಯಾಯಿತೆಂದು ಬೀಗಿತ್ತಿ ಹಿಂದಿನ ಜೀಪಿನಲ್ಲಿ ಬಂದದ್ದು ಶಾಸ್ತ್ರ ಮುಗಿದ ಮೇಲೆ, ನೋಡಿರಲಿಲ್ಲ. ನೋಡದ್ದು ನಡೆದಿಲ್ಲ. ಅಣ್ಣನನ್ನು ಕೇಳಿದರೆ ಅವರು ತಂಗಿಯ ಮಾತಿಗೆ ಎದುರಾಡುವವರಲ್ಲ, “ಏನೋಪ್ಪ, ಗದ್ದಲದಲ್ಲಿ ಗ್ಯಾನ ಇಲ್ಲ” ಎಂದುಬಿಟ್ಟರು. ನಾವು ಹೇಳಿದರೆ ಹೆಣ್ಣಿನ ಕಡೆಯವರ ಸಾಕ್ಷಿ, ಲೆಕ್ಕಕ್ಕಿಲ್ಲ.

ನಾದಿನಿಗೆ ಅದೇ ಊಟಕ್ಕೆ ಉಪ್ಪಿನಕಾಯಿಯಾಯಿತು. ಸಾರಿಗೆ ಉಪ್ಪು ಕಡಿಮೆಯಾದರೆ, “ಕಾಲು ತೊಳೆಯಕ್ಕೇ ಬರದ ಮನೆಯೋರು, ಸಾರು ಎಲ್ಲಿಂದ ಕಲಿಸ್ತಾರೆ.” ಬಟ್ಟೆ ಒಣಗದಿದ್ದರೂ ಸೋದರಮಾವನ ಕಾಲೇ. ಕೊನೆಗೆ ಅವಳು ಒಂದು ದಿನ ಫೋನ್ ಮಾಡಿ, ಬೂತಿನ ಮೀಟರು ಓಡುತ್ತಿದ್ದ ಗಾಬರಿಯಲ್ಲಿ ಹೇಳಿದಳು, “ಅತ್ತಿಗೆ, ಗೌರಿ ಹಬ್ಬದ ಬಾಗಿನಕ್ಕೆ ಅತ್ತೇನೂ ಕರ್ಕೊಂಡು ಬರ್ತೀನಿ. ಕ್ಯಾಸೆಟ್ ತೆಗೆದಿಡಿ. ಅವರ ಕಣ್ಣೆದುರಿಗೇ ಹಾಕಿಬಿಡಿ, ಸಾಕಾಗಿದೆ ನಂಗೆ.”

ಅವರು ಬರುವ ಹಿಂದಿನ ದಿನ ಯಜಮಾನರು ಕ್ಯಾಸೆಟ್ ಹಾಕಿ ನೋಡಿದರು. ತೆರೆಯ ಮೇಲೆ ಕೆಂಪು ಹೃದಯದ ಚಿತ್ರದೊಳಗೆ ವಧೂವರರು ತಿರುಗಿದರು. ಚಪ್ಪರ ಬಂತು, ಓಲಗದವರು ಬಂದರು. ಛತ್ರದ ಮುಂದೆ ಬೀಗರ ಬಸ್ಸು ನಿಂತಿತು. ಬಾಗಿಲು ತೆರೆಯಿತು. ಬರಿದಲೆಯ, ಬರಿ ಹೆಗಲಿನ ಸೋದರಮಾವ ಕಾಣಿಸಿದರು, ಅವರ ಬಲಗಾಲು ಮೆಟ್ಟಿಲ ಮೇಲೆ ಇಳಿಯಿತು. ಮರುಕ್ಷಣ ಅಲ್ಲಿ ಒಂದು ಕಪ್ಪು ಬೂಟು. ಬೂಟು ಮೆಟ್ಟಿಲು ಹತ್ತಿತು. ಪಿಟೀಲು ಕಿರುಚಿತು. ಒಂಟಿ ಹೆಂಗಸು, “ಯಾರದು?” ಎಂದಳು.

ಯಾರೋ ಮದುವೆಯ ಮೇಲೆ ದೂರದರ್ಶನದ ಭಾನುವಾರದ ಸಿನಿಮಾ ರೆಕಾರ್ಡ್ ಮಾಡಿದ್ದರು.

ನಮ್ಮ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ಮುಂದೆ ಓಡಿಸಿ ನೋಡಬಹುದಿತ್ತು, ಆದರೆ ಅತ್ತೆ ಅಳುವಾಗ ಸಿನಿಮಾ ನೋಡಿದ ಸೊಸೆ ಎನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಮಾವ ತಾವೇ ಎದ್ದು ವಿಸಿಆರ್ ಆರಿಸಿದರು. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದರು. ನಡೆಯುತ್ತ ನಡೆಯುತ್ತ ಗಕ್ಕನೆ ತಿರುಗಿದರು, ಥೇಟು ಸಿನಿಮಾದ ಇನ್‌ಸ್ಪೆಕ್ಟರ್.

“ಈ ಮನೇಲಿ ಪತ್ತೇದಾರಿ ಸಿನಿಮಾದ ಹುಚ್ಚು ಯಾರಿಗಿದೆ?”

ಎಲ್ಲರೂ ನನ್ನ ಕಡೆ ನೋಡಿದರು. ಇಂಥ ಸಿನಿಮಾಗಳನ್ನು ನೋಡಿ ನೋಡಿ ನಾನು ಕಲಿತದ್ದು ಏನಾದರೂ ಇದ್ದರೆ ಇದು: ಎಲ್ಲರಿಗಿಂತ ಮೊದಲು ವಿಚಾರಣೆ ಶುರು ಮಾಡಿದವರನ್ನು ಸ್ವಲ್ಪ ಗಮನಿಸಬೇಕು. ಕ್ಯಾಸೆಟ್ ತಿರುಗಿಸಿ ನೋಡಿದೆ. ಮೇಲೆ ರೆಕಾರ್ಡ್ ಮಾಡಬಾರದೆಂದು ವಿಡಿಯೋದವರು ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದು ಕೊಟ್ಟಿದ್ದರು. ಆ ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಅದರ ಮೇಲೆ ಈಗ ಬಿಳಿ ಕಾಗದ, ನಾಲ್ಕು ಪದರ, ನೀಟಾಗಿ. ಒಂದು ಬದಿಗೆ ಸಾಲಾಗಿ ಸಣ್ಣ ತೂತು.

“ಮಾವ, ಇದನ್ನ ಯಾರು ಅಂಟಿಸಿರಬಹುದು?”

ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಸಾವಧಾನವಾಗಿ ಪರೀಕ್ಷಿಸಿದರು. ಕನ್ನಡಕದ ಕಡ್ಡಿಗೂ ಅದೇ ಕಾಗದ ಸುತ್ತಿತ್ತು.

“ನೋಡಿದ್ಯೇನಮ್ಮ,” ಅಂದರು, “ಕಳ್ಳ ನನ್ನ ಡಬ್ಬಿಗೂ ಕೈ ಹಾಕಿದ್ದಾನೆ.”

ಅತ್ತೆಯ ಅಳು ನಿಂತೇಹೋಯಿತು. “ಹೋದ ತಿಂಗಳು ಒಂದು ಭಾನುವಾರ ನಾವೆಲ್ಲ ಹಗರೆಗೆ ಗೃಹಪ್ರವೇಶಕ್ಕೆ ಹೋಗಿದ್ವಿ. ಮಂಡಿ ನೋವು ಅಂತ ಮನೇಲಿ ಉಳಿದೋರು ಯಾರ್ರೀ? ಬಂದಾಗ ಕರೆಂಟಿಲ್ಲ, ನೀವು ಕುರ್ಚಿ ಮೇಲೆ ಗೊರಕೆ.”

ಸಿನಿಮಾದಲ್ಲಾದರೆ ಈ ಹಂತದಲ್ಲಿ ಅಪರಾಧಿ ನಕ್ಕು, ತನ್ನ ಬಾಲ್ಯದ ಕಥೆ ಹೇಳಿ, ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ನಮ್ಮ ಮಾವ, “ಕೊನೇನಾದ್ರೂ ಒಂದ್ಸಲ ನೋಡೋಣ ಅಂದ್ಕೊಂಡೆ,” ಎಂದು ಗೋಡೆಗೆ ಹೇಳಿ, ವಾಕಿಂಗಿಗೆ ಹೊರಟರು. ಮಂಡಿ ನೋವು ನೆನಪಾಗಲಿಲ್ಲ.

ಮಾರನೆಯ ದಿನ ಬೀಗಿತ್ತಿ ಬಂದರು. ಕೂರುತ್ತಲೇ, “ಎಲ್ಲೈತೆ ನಿಮ್ಮ ಕ್ಯಾಸೆಟ್ಟು? ಹಾಕ್ರಿ, ನೋಡೇಬಿಡಾನ,” ಅಂದರು.

ಮಾವ ಕೆಮ್ಮಿದರು. “ವಿಸಿಆರ್ ಯಾಕೋ ಸ್ವಲ್ಪ...”

“ಕೆಟ್ಟೋಯ್ತಾ? ಆಗ್ಲಿ ಬಿಡ್ರಿ ಬೀಗರೇ. ತೊಳ್ದಿದ್ರೆ ತಾನೆ ಕಾಣಾದು.”

ನಾದಿನಿಯನ್ನು ಅಡುಗೆಮನೆಗೆ ಕರೆದು ನಡೆದದ್ದು ಹೇಳಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಬಾಗಿನದ ಮೊರದಲ್ಲಿದ್ದ ಬಳೆಗಳನ್ನು ಸುಮ್ಮನೆ ಒಂದರ ಮೇಲೊಂದು ಜೋಡಿಸಿದಳು.

“ಹಾಕಿ ಅತ್ತಿಗೆ.”

“ಏನಂತ ಹಾಕೋದೇ? ಬಸ್ಸಿಂದ ಕಾಲಿಟ್ಟ ತಕ್ಷಣ ಬೂಟು ಬರುತ್ತೆ.”

“ಬರ್ಲಿ. ಹಾಕದೇ ಇದ್ರೆ ನಾವೇ ಬೇಕಂತ ಬಚ್ಚಿಟ್ವಿ ಅಂತಾಗುತ್ತೆ. ಆಮೇಲೆ ಸಾಯೋ ತನಕ ಅದನ್ನೇ ಕೇಳ್ಬೇಕು ನಾನು.”

ಹಾಕಿದೆವು. ಬಸ್ಸು, ಬಾಗಿಲು, ಬರಿದಲೆಯ ಸೋದರಮಾವ, ಅವರ ಕಾಲು, ಬೂಟು. ಬೀಗಿತ್ತಿ ಮುಂದಕ್ಕೆ ಬಾಗಿದರು. “ಇದ್ಯಾರದು ಕಾಲು?”

ನಾದಿನಿ ಮೆಲ್ಲಗೆ, “ಮೇಲೆ ಸಿನಿಮಾ ಕೂತ್ಕೊಂಡುಬಿಟ್ಟೈತೆ ಅತ್ತೆ,” ಅಂದಳು.

“ಅನುಕೂಲವಾಗೇ ಕೂತೈತೆ,” ಎಂದರು ಬೀಗಿತ್ತಿ. ಯಜಮಾನರು ನಿಲ್ಲಿಸಲು ಎದ್ದರು. ಅಷ್ಟರಲ್ಲಿ ತೆರೆಯ ಮೇಲೆ ಚಾಕು ಮೇಲೆದ್ದಿತ್ತು. “ಇರಪ್ಪ ಇರು, ಆ ಹೆಣ್ಮಗೀಗೆ ಏನಾಯ್ತದೋ ನೋಡಾನ.”

ಆ ಹೆಣ್ಣುಮಗಳು ಸತ್ತಳು. ಬೀಗಿತ್ತಿ ಅಲ್ಲಿಂದ ಏಳಲಿಲ್ಲ. ಊಟವನ್ನು ಟಿವಿ ಮುಂದೆಯೇ ಬಡಿಸಿದೆವು. ಎರಡನೆಯ ಕೊಲೆಯ ಹೊತ್ತಿಗೆ ಅವರು ಸಿನಿಮಾದಲ್ಲಿದ್ದ ತೋಟದ ಲೆಕ್ಕ ಬರೆಯುವ ರೈಟರನ್ನು ಅನುಮಾನಿಸುತ್ತಿದ್ದರು, ಮೂರನೆಯದಕ್ಕೆ ಸತ್ತವಳ ಅತ್ತೆಯ ಪರ ವಹಿಸಿ ವಾದಿಸಿದರು. “ಅವಳಲ್ಲ ಕಣಮ್ಮ. ಅತ್ತೆ ಅಂದ್ಕೂಡ್ಲೇ ಎಲ್ರಿಗೂ ಅನುಮಾನ.” ನಾದಿನಿ ಅವರಿಗೆ ಇನ್ನೊಂದು ಹೋಳಿಗೆ ಬಡಿಸಿದಳು. ಮಾವ ಎಂದಿನಂತೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು.

ಕೊನೆ ಬಂತು. ಎಲ್ಲರೂ ಒಂದು ಕೋಣೆಯಲ್ಲಿ. ಇನ್‌ಸ್ಪೆಕ್ಟರ್ ಒಬ್ಬೊಬ್ಬರ ಮುಂದೆ ನಿಂತು, ತಲೆಯಾಡಿಸಿ, ಮುಂದೆ ಹೋದ. ಬಾಗಿಲ ಬಳಿ ಗಕ್ಕನೆ ತಿರುಗಿ ಬೆರಳು ಚಾಚಿದ. “ಈ ಎಲ್ಲ ಕೊಲೆಗಳನ್ನು ಮಾಡಿದವನು...”

ಆ ಭಾನುವಾರ ಅರಸೀಕೆರೆಯಲ್ಲಿ ಕರೆಂಟು ಹೋದದ್ದು ಅಲ್ಲಿಗೆ. ತೆರೆಯ ಮೇಲೆ ಒಂದು ಗಳಿಗೆ ಗೆರೆಗಳು ಓಡಿದವು. ಚಾಚಿದ ಬೆರಳಿನ ಜಾಗದಲ್ಲಿ ಮದುವೆಯ ಊಟದ ಪಂಕ್ತಿ ಬಂತು. ತೆರೆಯ ತುಂಬ ಸೋದರಮಾವ, ಬಾಯಲ್ಲಿ ಅರ್ಧ ಹೋಳಿಗೆ.

ಬೀಗಿತ್ತಿಯ ಮುಖ ಕೆಂಪಾಯಿತು. “ಏನ್ರೀ ಇದು? ನಮ್ಮಣ್ಣನ್ನೇ ತೋರ್ಸ್ತೀರಾ?”

ನನಗೆ ನಗು, ಹೆದರಿಕೆ ಎರಡೂ ಒಟ್ಟಿಗೆ ಬಂದವು. ನಾದಿನಿಗೆ ಎರಡೂ ಬಂದಂತಿರಲಿಲ್ಲ. ಅವಳು ಎದ್ದು ಟಿವಿಯ ಪಕ್ಕಕ್ಕೆ ಹೋಗಿ, ನೆರಿಗೆ ಸರಿಮಾಡಿಕೊಂಡು ನಿಂತಳು.

“ಅತ್ತೆ, ಮಾವಯ್ಯನ ತಲೆ ಮೇಲೆ ಪೇಟ ಐತೆ ನೋಡಿ. ಹೆಗಲ ಮೇಲೆ ಶಾಲು. ಹಸಿರಂಚಿಂದು, ನಮ್ಮಪ್ಪ ಅರಸೀಕೆರೆ ಪೇಟೇಲಿ ತಂದಿದ್ದು. ಬಸ್ಸಿಳಿಯೋವಾಗ ಇರ್ಲಿಲ್ಲ, ಈಗ ನೀವೇ ನೋಡಿದ್ರಿ. ಕಾಲು ತೊಳೀದೆ ಪೇಟ ಇಡ್ತಾರಾ ನಮ್ಮ ಕಡೆ?”

ಪಂಕ್ತಿಯಲ್ಲಿ ಸೋದರಮಾವ ಶಾಲಿನ ತುದಿಯಿಂದ ಬಾಯಿ ಒರೆಸಿಕೊಂಡರು. ಬೀಗಿತ್ತಿ ತೆರೆಯ ಹತ್ತಿರಕ್ಕೆ ಬಾಗಿ ನೋಡಿದರು.

“ನಮ್ಮಣ್ಣ ಏನು ಹಾಕ್ಕೊಂಡ್ರೂ ಒಪ್ಪುತೈತೆ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಕಾಫಿ ಕೊಡಮ್ಮ ಒಂದು ಲೋಟ.”

ತಪ್ಪೊಪ್ಪಿಗೆ ಎಂದು ನಮಗೆ ಸಿಕ್ಕಿದ್ದು ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ಸೋದರಮಾವನ ಕಾಲಿನ ಮಾತು ನಿಂತಿತು. ಬದಲಿಗೆ ಮದುವೆ ಪಾಯಸದಲ್ಲಿ ಗೋಡಂಬಿ ಇರಲಿಲ್ಲ ಎಂಬ ಮಾತು ಶುರುವಾಯಿತೆಂದು ನಾದಿನಿ ಆಮೇಲೆ ಹೇಳಿದಳು. ಹೇಳುವಾಗ ನಗುತ್ತಿದ್ದಳು.

ಅವತ್ತು ಕಾಫಿ ಲೋಟದ ಸದ್ದಿಗೆ ಮಾವನಿಗೆ ಎಚ್ಚರವಾಯಿತು. “ಯಾರಮ್ಮ ಕೊಂದಿದ್ದು?”

ಇವತ್ತಿಗೂ ಗೊತ್ತಿಲ್ಲ. ಆ ಸಿನಿಮಾ ಮತ್ತೆಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ಅತಿ ಹೆಚ್ಚು ಇಷ್ಟವಾದ ಪತ್ತೇದಾರಿ ಸಿನಿಮಾ ಮಾತ್ರ ಅದೇ.

ಸಂಜೆ ಬೇಲೂರಿನ ಬಸ್ಸು ಹತ್ತಿಸಲು ಹೋದಾಗ ನಾದಿನಿ ಬಾಗಿನದ ಚೀಲದ ಬಾಯಿ ಅಗಲಿಸಿ, ಬಳೆಗಳ ಕೆಳಗೆ ಕ್ಯಾಸೆಟ್ ಇಟ್ಟುಕೊಂಡದ್ದನ್ನು ತೋರಿಸಿದಳು.

“ನಿಮ್ಮನೇಲಿ ವಿಸಿಆರೇ ಇಲ್ವಲ್ಲೇ,” ಅಂದೆ.

“ಇಲ್ದಿದ್ರೆ ಏನಂತೆ ಅತ್ತಿಗೆ,” ಅಂದಳು. “ಟಿವಿ ಮೇಲೆ ಇಟ್ಟಿರ್ತೀನಿ. ಅತ್ತೆ ಕಣ್ಣಿಗೆ ಬೀಳ್ತಾ ಇರ್ಲಿ.”