ಅತ್ತೆಯ ಅರ್ಧ ಅಂಕ

ಪ್ರತಿ ವರ್ಷ ಸಂಕ್ರಾಂತಿಯ ಭೋಗಿಗೆ ಮುಂಚಿನ ಭಾನುವಾರ ಪುಣೆಯ ಸ್ವಾರಗೇಟ ಬಳಿಯ ನಮ್ಮ ಕನ್ನಡ ಸಂಘದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಸ್ಪರ್ಧೆ ನಡೆಯುತ್ತಿತ್ತು. ಅತ್ತೆ ಮೂರು ವರ್ಷ ಸತತವಾಗಿ ಎರಡನೆಯ ಸ್ಥಾನ ತಂದಿದ್ದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. “ಇದs ಕಡೀದು, ಮೊಣಕಾಲು ಕೇಳೂದಿಲ್ಲ” ಎಂದು ಸಾರಿದ ಅತ್ತೆ, ಗೆದ್ದವರಿಗೆ ಸಿಗುವ ಹಿತ್ತಾಳೆ ಕಪ್ಪಿಗೆಂದು ಟೀವಿಯ ಮೇಲಿನ ಗಣಪತಿಯನ್ನು ಮೊದಲೇ ಪಕ್ಕಕ್ಕೆ ಸರಿಸಿಬಿಟ್ಟರು.

ಅಂಕ ಬರೆಯುವ ಕೆಲಸ ನನ್ನದಾಗಿತ್ತು. ಹಾಲಿನವ ಬಾರದ ದಿನ, ಸಿಲಿಂಡರ್ ಬದಲಿಸಿದ ದಿನ ಬರೆದಿಡುವ ನೋಟುಬುಕ್ಕಿನ ಕೊನೆಯ ಪುಟಗಳು ರೊಟ್ಟಿಗೆ ಮೀಸಲು. ಅತ್ತೆ ರೊಟ್ಟಿ ಬಡಿಯುವುದು, ಸೊಸೆ ಅಂಕ ಬರೆಯುವುದು ಎಲ್ಲಿಯ ನ್ಯಾಯ ಎಂದು ಕೆಲವರು ಗೊಣಗಿದರು. ಮೂರು ಸಲ ಎರಡನೆಯ ಸ್ಥಾನ ಕೊಡಿಸಿದ ಪಕ್ಷಪಾತವದು!

ಯಜಮಾನರಿಗೆ ಅಷ್ಟೇ ಸಾಕಾಯಿತು. ಕುರಕುಂಭದ ಕಾರ್ಖಾನೆಯೊಂದರ ಪುಣೆ ಆಫೀಸಿನಲ್ಲಿ ಅವರು ವಿಷುವಲ್ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು.

“ಕಂಪ್ಯೂಟರಿಗೆ ಅತ್ತಿ ಇಲ್ಲ, ಸೊಸಿ ಇಲ್ರಿ. ಅದು ತಪ್ಪು ಮಾಡೂದಿಲ್ಲ,” ಎಂದು ಸಂಘದ ಕಾರ್ಯದರ್ಶಿಗಳನ್ನು ಒಪ್ಪಿಸಿದರು. ಇಬ್ಬರು ತೀರ್ಪುಗಾರರ ಅಂಕಗಳ ಸರಾಸರಿ ತೆಗೆದು, ಅರ್ಧ ಬಂದರೆ ಪೂರ್ಣಕ್ಕೆ ತರುವ ಪ್ರೋಗ್ರಾಂ ಸಿದ್ಧವಾಯಿತು. ಪರದೆಯ ಮೇಲೆ ಅರ್ಧ ಛಲೋ ಕಾಣೂದಿಲ್ಲವಂತೆ.

ಆ ದಿನ ಅತ್ತೆಗೆ ಒಂಬತ್ತು ಮತ್ತು ಎಂಟು ಬಂದವು. ನಮ್ಮ ಮೇಲಿನ ಮನೆಯ ಬೆಳಗಾವಿಯ ಬಾಯಿಯವರಿಗೆ ಎಂಟು ಮತ್ತು ಏಳು. ಅಭ್ಯಾಸಬಲದಿಂದ ನಾನೂ ಬರೆದುಕೊಂಡೆ. ಪರದೆಯ ಮೇಲೆ ಮಾತ್ರ ಇಬ್ಬರಿಗೂ ಎಂಟು.

“ನೋಡ್ರಿ, ಅವ್ವಾರದು ಹದಿನೇಳು, ಅವರದು ಹದಿನೈದು,” ಎಂದು ಯಜಮಾನರ ಕಿವಿಯಲ್ಲಿ ಪಿಸುಗುಟ್ಟಿದೆ.

“ಸುಮ್ಮನಿರ. ಎಲ್ಲಾರ ಮುಂದ ಕಂಪ್ಯೂಟರಿಗೆ ಲೆಕ್ಕಾ ಕಲಸ್ತಿ ಏನು?”

ಸಮ ಬಂದರೆ ಚೀಟಿ ಎತ್ತುವುದು ಸಂಘದ ಪದ್ಧತಿ. ಚೀಟಿ ಎತ್ತಿದರು. ಹಿತ್ತಾಳೆ ಕಪ್ಪು ಮೇಲಿನ ಮನೆಗೆ ಹೋಯಿತು.

ಮನೆಗೆ ಬಂದವರೇ ಯಜಮಾನರು ಟೋಪಿ ಕೂಡ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತರು. ಏಳೂವರೆ ಕೊಟ್ಟರೆ ಎಂಟು. ಎಂಟೂವರೆ ಕೊಟ್ಟರೂ ಎಂಟು! ಅದೇ ಯಂತ್ರದ ಎಕ್ಸೆಲ್ ಹಾಳೆಯಲ್ಲಿ ಎಂಟೂವರೆಗೆ ಒಂಬತ್ತು. ದಪ್ಪ ಪುಸ್ತಕ ತೆರೆದು ನೋಡಿದಾಗ ಗುಟ್ಟು ತಿಳಿಯಿತು. ಪ್ರತಿ ಅರ್ಧವನ್ನೂ ಮೇಲಕ್ಕೇ ಏರಿಸುತ್ತ ಹೋದರೆ ಸಾವಿರಾರು ಸಂಖ್ಯೆಗಳ ಮೊತ್ತ ಸುಮ್ಮನೆ ಉಬ್ಬುತ್ತದೆ. ಅದಕ್ಕೇ ಈ ಭಾಷೆ ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಕಳಿಸುತ್ತದೆ. ಕೆಲವು ಮೇಲೆ, ಕೆಲವು ಕೆಳಗೆ. ಸಾವಿರಾರು ಸಂಖ್ಯೆಗಳಿಗೆ ನ್ಯಾಯ. ನಮ್ಮಲ್ಲಿದ್ದದ್ದು ಎರಡು ರೊಟ್ಟಿ.

“ಜಾವಾ ಭಾಷಾದಾಗ ಬರದಿದ್ರ ಒಂಬತ್ತು ಬರ್ತಿತ್ತವ್ವಾ,” ಎಂದರು ಮೆಲ್ಲಗೆ.

“ಅಂದ್ರ ನಾ ಬ್ಯಾರೆ ಭಾಷಾದಾಗ ಗೆದ್ದೀನಿ?”

“ಹೌದು.”

“‘ನೀ ನನ್ನ ಆ ಭಾಷಾದಾಗ ಯಾಕ ಹಡೀಲಿಲ್ಲ’ ಅಂತ ಕೇಳಬ್ಯಾಡ ಮತ್ತ,” ಎಂದು ಅತ್ತೆ ಒಳಗೆ ಹೋದರು.

ಮರುದಿನ ಯಜಮಾನರು ಕಾರ್ಯದರ್ಶಿಗಳ ಮನೆಗೆ ಹೋಗಿ, ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದರು. ಅವರು ಚಹಾ ಕೊಟ್ಟು ನಕ್ಕರಂತೆ: “ಕಂಪ್ಯೂಟರ್ ತಪ್ಪು ಮಾಡೂದಿಲ್ಲ ಅಂದವ್ರು ನೀವs ಅಲ್ರಿ, ಸಾಹೇಬ್ರ? ತಾಯಿ ಸೋತಾಳಂತ ಈಗ ಮಾತು ಬದಲಿಸಿದ್ರ ಹೆಂಗ?”

ಅಂದು ರಾತ್ರಿಯ ಊಟಕ್ಕೆ ಅತ್ತೆಯೇ ಬಡಿಸಿದರು. ಯಜಮಾನರದು ಎಂದಿಗೂ ಎರಡೂವರೆ ರೊಟ್ಟಿ. ಎರಡು ಮುಗಿಸಿ ಕಾದರು.

“ಅವ್ವಾ, ಇನ್ನರ್ಧ.”

“ಎರಡೂವರಿ ಅಂದ್ರ ಎರಡs. ನಿನ್ನ ಪ್ರೋಗ್ರಾಂ.”

ಶನಿವಾರ ಹೊಟ್ಟೆ ಸರಿಯಿಲ್ಲವೆಂದು ಒಂದೂವರೆ ಸಾಕೆಂದರು. ಅತ್ತೆ ಎರಡು ಹಾಕಿ, ಎದ್ದೇಳದಂತೆ ಎದುರಿಗೇ ಕೂತರು. ಹೀಗೆ ಹದಿನೈದು ದಿನ ನಡೆದದ್ದು ನನ್ನ ನೋಟುಬುಕ್ಕಿನಲ್ಲಿದೆ. ಗಣಪತಿಯನ್ನು ಮಾತ್ರ ಅತ್ತೆ ಮೊದಲಿನ ಜಾಗಕ್ಕೆ ತರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮೊಣಕಾಲಿಗೆ ಹೊಸ ಎಣ್ಣೆ ತರಿಸಿ, ಮುಂದಿನ ಭೋಗಿಗೆ ಅಂಕ ಯಾರು ಬರೆಯುವವರು ಎಂದು ನನ್ನನ್ನೇ ಕೇಳಿದರು.